ತೋಟದವರಿಗೆ ತಕ್ಕ ಯೋಗ ತರಗತಿ ಯಾವುದು?

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹಂತಕ್ಕೆ ಬಂದ ಮೇಲೆ ಬೆಳೆಗಾರರಿಗೆ ತಮ್ಮ ಮೈಯ ನೆನಪಾಗುತ್ತದೆ. ಸೊಂಟ ಹಿಡಿದಿದೆ, ಕತ್ತು ತಿರುಗುವುದಿಲ್ಲ, ಮಂಡಿ ಮಡಚಿ ಕೂರಲಾಗುವುದಿಲ್ಲ ಎಂಬ ದೂರುಗಳು ಆಗ ಒಂದೊಂದಾಗಿ ಹೊರಬೀಳುತ್ತವೆ. ವೈದ್ಯರಲ್ಲಿಗೆ ಹೋದರೆ ಮಾತ್ರೆ ಬರೆದುಕೊಟ್ಟು, "ಸ್ವಲ್ಪ ಯೋಗ ಮಾಡಿ" ಎಂದೂ ಹೇಳಿ ಕಳಿಸುತ್ತಾರೆ. ಪೇಟೆಯಲ್ಲಿ ನೋಡಿದರೆ ಯೋಗ ತರಗತಿಗಳ ಫಲಕಗಳು ಹಲವು. ಪ್ರಾಥಮಿಕ, ಮುಂದುವರಿದ, ಪವರ್ ಯೋಗ, ಚಿಕಿತ್ಸಾ ಯೋಗ ಎಂದು ಹೆಸರುಗಳೂ ಬೇರೆ ಬೇರೆ. ಇವುಗಳಲ್ಲಿ ಯಾವುದು ತಮಗೆ ತಕ್ಕದ್ದು ಎಂಬುದನ್ನು ವೈದ್ಯರೂ ಹೇಳಿರುವುದಿಲ್ಲ, ಫಲಕವೂ ಹೇಳುವುದಿಲ್ಲ.

ಬೆಳೆಗಾರರಲ್ಲಿ ಸಾಮಾನ್ಯವಾಗಿರುವ ಒಂದು ಎಣಿಕೆಯನ್ನು ಮೊದಲು ನೋಡೋಣ. "ನಾವು ದಿನವಿಡೀ ಗುಡ್ಡ ಹತ್ತಿ ಇಳಿಯುವವರು, ಐವತ್ತು ಕಿಲೋ ಮೂಟೆ ಹೊರುವವರು, ಪ್ರಾಥಮಿಕ ತರಗತಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರಿಗೆ, ನಮಗಲ್ಲ" ಎಂಬುದೇ ಆ ಎಣಿಕೆ. ಇದು ಸರಿಯಲ್ಲ. ತೋಟದವರ ಮೈಯಲ್ಲಿ ಬಲವಿರುವುದು ನಿಜ. ಆದರೆ ಆ ಬಲ ಕೆಲವೇ ದಿಕ್ಕಿನಲ್ಲಿ ಬಳಕೆಯಾದ ಬಲ. ದೋಟಿ ಹಿಡಿದು ಅಡಿಕೆ ಕೊನೆ ಇಳಿಸುವವರು ಗಂಟೆಗಟ್ಟಲೆ ಕತ್ತನ್ನು ಹಿಂದಕ್ಕೆ ವಾಲಿಸಿ ಮೇಲೆಯೇ ನೋಡುತ್ತಿರಬೇಕು, ತೋಳುಗಳೆರಡೂ ಭುಜಕ್ಕಿಂತ ಮೇಲೆ. ಬೋರ್ಡೋ ದ್ರಾವಣ ಸಿಂಪಡಿಸುವಾಗಲೂ ಅದೇ ಪಾಡು, ಜೊತೆಗೆ ಕಾಲಡಿಯಲ್ಲಿ ಜಾರುವ ಪಾಚಿ. ಅಡಿಕೆ ಸುಲಿಯುವವರದು ಇದಕ್ಕೆ ತದ್ವಿರುದ್ಧ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ರಾತ್ರಿ ಹತ್ತು ಹನ್ನೊಂದರ ತನಕ ಒಂದೇ ಭಂಗಿ. ಕಾಫಿ ಕೊಯ್ಯುವವರು ಸೊಂಟಕ್ಕೆ ಕಟ್ಟಿದ ಚೀಲದ ಭಾರವನ್ನು ಮುಂದಕ್ಕೆ ಹೊತ್ತು, ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಿಲ್ಲುತ್ತಾರೆ. ಕಳೆ ಕತ್ತರಿಸುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡವರಿಗೆ ಭಾರವೆಲ್ಲ ಒಂದೇ ಪಕ್ಕಕ್ಕೆ. ಹೀಗಾಗಿ ತೊಡೆ, ಹೆಗಲು ಗಟ್ಟಿಯಾಗುತ್ತವೆ. ತೊಡೆಯ ಹಿಂಭಾಗ, ಸೊಂಟ ಮತ್ತು ಕತ್ತು ಬಿಗಿಯುತ್ತಾ ಹೋಗುತ್ತವೆ. ಇಂಥವರು ಬಲವನ್ನು ನಂಬಿ ಮುಂದುವರಿದ ತರಗತಿಗೆ ಸೇರಿದರೆ, ಮಡಚದ ಜಾಗವನ್ನು ಬಲದಿಂದಲೇ ಮಡಚಲು ಹೋಗುತ್ತಾರೆ. ಪೆಟ್ಟಾಗುವುದು ಅಲ್ಲಿ. ಸುಗ್ಗಿಯ ಹೊತ್ತಿಗೆ ಸೊಂಟ ಹಿಡಿದು ಮಲಗಿದರೆ, ಆಳುಗಳು ಸಿಗದ ಈ ಕಾಲದಲ್ಲಿ ಎರಡು ಎಕರೆಯ ಬೆಳೆಗಾರನಿಗೆ ಆಗುವ ನಷ್ಟವನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ತಮ್ಮ ದೇಹಸ್ಥಿತಿಯನ್ನು ಅಳೆಯಲು ದೊಡ್ಡ ಸಲಕರಣೆಯೇನೂ ಬೇಡ. ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಬಹುದೆಂದು ಎಣಿಸಿ. 60ರಿಂದ 64 ವಯಸ್ಸಿನ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಆ ವಯಸ್ಸಿಗೆ ಸಾಲದು ಎಂದು ವೈದ್ಯರು ಎಣಿಸುತ್ತಾರೆ. ಎರಡನೆಯದಾಗಿ, ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂಟಿ ಕಾಲಿನ ಮೇಲೆ ಹತ್ತು ಸೆಕೆಂಡು ನಿಂತು ನೋಡಿ. ಮೂರನೆಯದು ಎಲ್ಲಕ್ಕಿಂತ ಸುಲಭ: ತೋಟದಿಂದ ಮನೆಗೆ ಏರು ಹತ್ತುವಾಗ ಜೊತೆಯವರೊಡನೆ ಮಾತಾಡುತ್ತಾ ಬರಲು ಸಾಧ್ಯವೇ, ಇಲ್ಲವೇ ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕೇ? ಏರಿನಲ್ಲಿ ಎದೆ ಹಿಡಿದಂತಾಗುವವರು, ತಲೆ ಸುತ್ತುವವರು ಯೋಗ ತರಗತಿಯನ್ನು ಹುಡುಕುವ ಮೊದಲು ವೈದ್ಯರನ್ನು ಕಾಣಬೇಕು. ಈ ಮೂರರಲ್ಲಿಯೂ ಚೆನ್ನಾಗಿದ್ದು, ನಿಂತಲ್ಲಿಂದ ಬಗ್ಗಿದರೆ ಕೈಬೆರಳು ಮಂಡಿಯ ಕೆಳಗೆ ಹೋಗದಿದ್ದರೆ, ತಾವು ಬಲಶಾಲಿಗಳಾದ ಪ್ರಾಥಮಿಕ ವಿದ್ಯಾರ್ಥಿಗಳು. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಈ ಗುಂಪಿಗೆ ಸೇರುವರೆಂದು ನನ್ನ ಅಂದಾಜು.

ಇನ್ನೊಂದು ಗುಂಪೂ ಇದೆ. ಹಳೆಯ ತಲೆಮಾರಿನ ಕೆಲವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಶಿಬಿರಗಳಲ್ಲೋ, ಶಾಲೆಯ ಅಂಗಳದಲ್ಲೋ ಆಸನಗಳನ್ನು ಕಲಿತವರು. ಇಪ್ಪತ್ತರಲ್ಲಿ ಸಲೀಸಾಗಿ ಶೀರ್ಷಾಸನ ಹಾಕುತ್ತಿದ್ದ ನೆನಪು ಅವರ ತಲೆಯಲ್ಲಿ ಉಳಿದಿದೆ, ಮೈಯಲ್ಲಿ ಉಳಿದಿಲ್ಲ. ನಲವತ್ತು ವರ್ಷ ಬಿಟ್ಟವರು ಬಿಟ್ಟಲ್ಲಿಂದಲೇ ಶುರುಮಾಡಲಾಗದು. ಅವರೂ ಪ್ರಾಥಮಿಕ ತರಗತಿಯಿಂದಲೇ ಆರಂಭಿಸಬೇಕು.

ಒಬ್ಬರೇ ಗುರು, ಬೇರೆ ಬೇರೆ ದಾರಿ

ಫಲಕಗಳ ಮೇಲಿನ ಹೆಸರುಗಳನ್ನು ಅರ್ಥಮಾಡಿಕೊಳ್ಳಲು ಮೈಸೂರಿನ ಕಡೆಗೊಮ್ಮೆ ನೋಡಬೇಕು. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಹುಡುಗರು. ಎಳೆಯ ಮೈಗೆ ಒಪ್ಪುವಂತೆ ಆಸನದಿಂದ ಆಸನಕ್ಕೆ ನೆಗೆದು ಸಾಗುವ ಕ್ರಮ ಅಲ್ಲಿ ಬೆಳೆಯಿತು. 1915ರಲ್ಲಿ ಹಾಸನದ ಬಳಿಯ ಕೌಶಿಕದಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರು ಆ ಕ್ರಮವನ್ನು ಹಿಡಿದು ಅಷ್ಟಾಂಗ ವಿನ್ಯಾಸವೆಂದು ಜಗತ್ತಿಗೆ ಕಲಿಸಿದರು. ಇಂದು ಪವರ್ ಯೋಗ ಎಂಬ ಹೆಸರಿನಲ್ಲಿ ನಡೆಯುವ ಬಿರುಸಿನ ತರಗತಿಗಳು ಬಹುಪಾಲು ಇದರ ಸಂತಾನವೇ.

ಅದೇ ಗುರುವಿನ ಇನ್ನೊಬ್ಬ ಶಿಷ್ಯರು ಬಿ.ಕೆ.ಎಸ್. ಅಯ್ಯಂಗಾರ್, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯ, ವಿಷಮಶೀತಜ್ವರ, ಕ್ಷಯ ಎಲ್ಲವನ್ನೂ ಕಂಡ ಬಡಕಲು ಮೈ ಅವರದು. 1937ರಲ್ಲಿ ಪುಣೆಗೆ ಹೋಗಿ ನೆಲೆಸಿದ ಅವರು ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಕುರ್ಚಿಗಳ ಆಸರೆಯಿಂದ ಬಿಗಿದ ಮೈಯವರೂ ರೋಗಿಗಳೂ ಆಸನವನ್ನು ಸರಿಯಾಗಿ ಹಾಕುವ ಪದ್ಧತಿಯನ್ನು ಬೆಳೆಸಿದರು. ಕೃಷ್ಣಮಾಚಾರ್ಯರೇ ಮುಂದೆ ಮದರಾಸಿನಲ್ಲಿ, ಕಲಿಯಲು ಬಂದವರ ವಯಸ್ಸು, ಆರೋಗ್ಯ ನೋಡಿ ಒಬ್ಬೊಬ್ಬರಿಗೆ ಒಂದೊಂದು ಕ್ರಮ ಹಾಕಿಕೊಡುತ್ತಿದ್ದರು. ಅಂದಮೇಲೆ ಪಕ್ಕದ ಮನೆಯವರಿಗೆ ಒಳ್ಳೆಯದಾಯಿತೆಂಬ ಒಂದೇ ಕಾರಣಕ್ಕೆ ಅದೇ ತರಗತಿಗೆ ಹೋಗಬೇಕೆಂದೇನೂ ಇಲ್ಲ.

ನಲವತ್ತು ದಾಟಿದ, ಮೈ ಬಿಗಿದ ಬೆಳೆಗಾರರಿಗೆ ನಿಧಾನವಾಗಿ, ಆಸರೆ ಬಳಸಿ ಕಲಿಸುವ ತರಗತಿಯೇ ಮೇಲು ಎಂದು ನನ್ನ ಅಭಿಪ್ರಾಯ. ಅಯ್ಯಂಗಾರ್ ಪದ್ಧತಿಯ ಶಿಕ್ಷಕರು ನಮ್ಮ ಸಣ್ಣ ಪೇಟೆಗಳಲ್ಲಿ ಸುಲಭವಾಗಿ ಸಿಗಲಿಕ್ಕಿಲ್ಲ. ಆದರೆ ಗೋಡೆ, ಕುರ್ಚಿ, ಮಡಚಿದ ಕಂಬಳಿ, ಒಂದು ಹಳೆಯ ಪಂಚೆ ಎಲ್ಲಿಯೂ ಸಿಗುತ್ತವೆ. ಅವನ್ನು ಬಳಸಲು ಬಿಡುವ ಶಿಕ್ಷಕರಿದ್ದರೆ ಸಾಕು. ಕೈಕಾಲು ಚುರುಕಾಗಿರುವ ಮೂವತ್ತರೊಳಗಿನ ತರುಣರು ಸೂರ್ಯನಮಸ್ಕಾರದ ಬಿರುಸಿನ ತರಗತಿಗೆ ಧಾರಾಳವಾಗಿ ಹೋಗಬಹುದು.

ಪ್ರತಿ ವರ್ಷ ಜೂನ್ 21ರಂದು, 2015ರಿಂದ ನಡೆದುಬಂದಿರುವ ಅಂತರರಾಷ್ಟ್ರೀಯ ಯೋಗ ದಿನದ 45 ನಿಮಿಷಗಳ ಸಾಮಾನ್ಯ ಕ್ರಮವನ್ನು ಹಲವರು ಶಾಲೆಗಳಲ್ಲಿ ನೋಡಿರುತ್ತೀರಿ. ಕತ್ತು, ಭುಜ, ಸೊಂಟ, ಮಂಡಿಗಳನ್ನು ಸಡಿಲಿಸುವುದರಿಂದ ಅದು ಆರಂಭವಾಗುವುದು ಒಳ್ಳೆಯ ಲಕ್ಷಣ. ಆದರೆ ಅದರಲ್ಲಿ ಪಾದಹಸ್ತಾಸನವೂ ಕಪಾಲಭಾತಿಯೂ ಇವೆ, ಅವು ಎಲ್ಲರಿಗೂ ಹೊಂದುವಂಥವಲ್ಲ. ಏಕೆಂಬುದನ್ನು ಮುಂದೆ ಹೇಳಲಾಗಿದೆ.

ಶಿಕ್ಷಕರನ್ನು ನೋಡುವ ಬಗೆ

ಸೇರುವ ಮೊದಲು ಒಂದು ದಿನ ಹೋಗಿ ಗೋಡೆಯ ಪಕ್ಕ ಕುಳಿತು ನೋಡಬೇಕು. ಹಾಗೆ ನೋಡಲು ಬಿಡದ ತರಗತಿಯ ಬಗ್ಗೆ ಯೋಚಿಸುವುದು ಲೇಸು. ಹೊಸಬರು ಬಂದಾಗ ಶಿಕ್ಷಕರು ಮೊದಲು ಏನು ಕೇಳುತ್ತಾರೆ ಎಂಬುದೇ ಮುಖ್ಯ. ಬಿ.ಪಿ. ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಆಪರೇಷನ್ ಆಗಿದೆಯೇ, ಎಲ್ಲಿ ನೋವು, ಏನು ಕೆಲಸ ಎಂದು ವಿಚಾರಿಸುವವರಾದರೆ ಸರಿ. ಮೂರು ತಿಂಗಳ ಹಣದ ವಿಚಾರವನ್ನೇ ಮೊದಲು ಎತ್ತುವವರಾದರೆ ನಮಸ್ಕಾರ ಹೇಳಿ ಬರಬಹುದು. ನಲವತ್ತು ಐವತ್ತು ಮಂದಿಯ ತರಗತಿಯಲ್ಲಿ ವೇದಿಕೆಯ ಮೇಲಿನ ಶಿಕ್ಷಕರಿಗೆ ಹಿಂದಿನ ಸಾಲಿನವರ ಮಂಡಿ ಕಾಣುವುದಿಲ್ಲ. ನಡುವೆ ಓಡಾಡಿ ತಿದ್ದುವ ಸಹಾಯಕರಿದ್ದಾರೆಯೇ ನೋಡಿ. ಆಗದವರನ್ನು "ನೀವು ಇಷ್ಟೇ ಮಾಡಿ" ಎಂದು ಅಲ್ಲಿಗೇ ನಿಲ್ಲಿಸುವವರು ಒಳ್ಳೆಯ ಶಿಕ್ಷಕರು. ಬೆನ್ನ ಮೇಲೆ ಕೈಯಿಟ್ಟು ಒತ್ತಿ ಬಗ್ಗಿಸುವವರಿಗೆ ಬೇಡವೆಂದು ಹೇಳಲು ಸಂಕೋಚಪಡಬಾರದು. ಮಾತ್ರೆ ನಿಲ್ಲಿಸಿ, ಯೋಗವೇ ಸಾಕು ಎನ್ನುವವರ ಬಳಿಗೆ ಎರಡನೆಯ ದಿನ ಹೋಗಬೇಡಿ. ಬಿ.ಪಿ. ಮತ್ತು ಸಕ್ಕರೆಯ ಔಷಧಿಯನ್ನು ಕಡಿಮೆ ಮಾಡುವುದಿದ್ದರೆ ವೈದ್ಯರು ಅಳೆದು ನೋಡಿ ಹೇಳಬೇಕು.

ಟೆಲಿಫೋನಿನಲ್ಲಿ ವಿಡಿಯೋ ನೋಡಿ ಮಾಡುವವರು ಈಗ ಹೆಚ್ಚಾಗಿದ್ದಾರೆ. ಕಲಿತಿದ್ದನ್ನು ನೆನಪಿಸಿಕೊಳ್ಳಲು ಅದು ಪರವಾಗಿಲ್ಲ. ಆದರೆ ನಾವು ಅವರನ್ನು ನೋಡುತ್ತೇವೆಯೇ ಹೊರತು ಅವರು ನಮ್ಮನ್ನು ನೋಡುವುದಿಲ್ಲವಾದ್ದರಿಂದ, ಆರಂಭದ ಕಲಿಕೆಗೆ ಅದು ಸಾಲದು.

ಕಾಯಿಲೆ ಇದ್ದವರು

ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಮತ್ತು ಕಣ್ಣಿನ ಒತ್ತಡದ ಕಾಯಿಲೆ, ಅಂದರೆ ಗ್ಲಾಕೋಮಾ ಇರುವವರು ಶೀರ್ಷಾಸನ, ಸರ್ವಾಂಗಾಸನದಂತೆ ತಲೆ ಕೆಳಗಾಗುವ ಆಸನಗಳನ್ನು ಬಿಡಬೇಕು. ಬಿ.ಪಿ., ಹೃದ್ರೋಗ ಅಥವಾ ಹರ್ನಿಯಾ ಇರುವವರಿಗೂ ಗರ್ಭಿಣಿಯರಿಗೂ ಕಪಾಲಭಾತಿ, ಭಸ್ತ್ರಿಕಾ ಮತ್ತು ಉಸಿರು ಕಟ್ಟಿ ಹಿಡಿಯುವ ಕುಂಭಕ ಸಲ್ಲದು. ಸೊಂಟದ ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುವವರು ಪಾದಹಸ್ತಾಸನ, ಪಶ್ಚಿಮೋತ್ತಾನಾಸನಗಳಂತೆ ಮುಂದಕ್ಕೆ ಬಗ್ಗುವ ಆಸನಗಳಿಂದ ದೂರವಿರಬೇಕು. ಮೂಳೆ ಸವೆದ ವಯಸ್ಸಾದ ಹೆಂಗಸರಿಗೂ ಇದೇ ಮಾತು. ಬಲವಂತವಾಗಿ ಮುಂದಕ್ಕೆ ಬಗ್ಗಿದರೆ ಬೆನ್ನೆಲುಬಿನ ಗುಬ್ಬಿ ಕುಸಿಯುವ ಸಂಭವವಿದೆ. ಮಂಡಿನೋವಿನವರು ಪದ್ಮಾಸನ, ವಜ್ರಾಸನಕ್ಕೆ ಹಟ ಹಿಡಿಯದೆ ಕುರ್ಚಿಯ ಮೇಲೆ ಕುಳಿತು ಪ್ರಾಣಾಯಾಮ ಮಾಡಬಹುದು, ಅದರಲ್ಲಿ ಅವಮಾನವೇನಿಲ್ಲ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಅಭ್ಯಾಸ ಮಾಡುವ ಕುರಿತು ವೈದ್ಯರನ್ನು ಕೇಳಿ, ಜೇಬಿನಲ್ಲಿ ಬೆಲ್ಲದ ತುಂಡು ಇಟ್ಟುಕೊಂಡಿರಲಿ.

ಇಂಥ ತೊಂದರೆಗಳಿದ್ದವರು ಸಾಮೂಹಿಕ ತರಗತಿಗೆ ಮೊದಲು ಪ್ರಕೃತಿ ಚಿಕಿತ್ಸೆ ಮತ್ತು ಯೋಗದಲ್ಲಿ ಪದವಿ ಪಡೆದ ವೈದ್ಯರನ್ನು ಕಾಣುವುದು ಉತ್ತಮ. ನಮ್ಮ ಭಾಗದವರಿಗೆ ಹತ್ತಿರವಾದ ಉಜಿರೆಯಲ್ಲಿ 1989ರಿಂದ ಇದಕ್ಕೆಂದೇ ಕಾಲೇಜು ಇದೆ.

ಹೆಂಗಸರ ವೇಳೆ

ಬೆಳಗಿನ ಐದೂವರೆಯ ತರಗತಿ ಗಂಡಸರಿಗೆ ಅನುಕೂಲ. ಹಾಲು ಕರೆದು, ತಿಂಡಿ ಮಾಡಿ, ಆಳುಗಳಿಗೆ ಕಾಫಿ ಕೊಡಬೇಕಾದವರಿಗೆ ಅದು ಆಗುವ ಮಾತಲ್ಲ. ಹೀಗಾಗಿ ಸುಲಿತದಲ್ಲಿ ಹೆಚ್ಚು ಬೆನ್ನು ಬಗ್ಗಿಸಿದವರೇ ತರಗತಿಯಿಂದ ಹೊರಗುಳಿಯುತ್ತಾರೆ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿದ್ದರೆ ಸಂಜೆಯ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಮಧ್ಯಾಹ್ನದ ಊಟ ಒಂದಕ್ಕೆ ಮುಗಿದರೆ ಐದಕ್ಕೆ ಸೇರಬಹುದು. ಊರಿನ ಹತ್ತು ಮನೆಯವರು ಕೂಡಿ ಶಿಕ್ಷಕರನ್ನು ಯಾರದಾದರೂ ಮನೆಯ ಚಾವಡಿಗೆ ಕರೆಸಿಕೊಂಡರೆ, ಮಳೆಯಲ್ಲಿ ಹನ್ನೆರಡು ಕಿಲೋಮೀಟರ್ ಬೈಕಿನಲ್ಲಿ ಪೇಟೆಗೆ ಹೋಗಿಬರುವ ಕಷ್ಟವೂ ತಪ್ಪುತ್ತದೆ. ಎಷ್ಟೇ ಒಳ್ಳೆಯ ತರಗತಿಯಾದರೂ ದೂರವಾದರೆ ಆಷಾಢದಲ್ಲಿ ನಿಂತುಹೋಗುತ್ತದೆ.

ಸೇರಿದ ಮೇಲೆ ತರಗತಿ ತಮಗೆ ಹೊಂದುತ್ತಿದೆಯೇ ಎಂದು ತಿಳಿಯಲು ಮಾರನೆಯ ದಿನದ ತೋಟದ ಕೆಲಸವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಮೊದಲ ವಾರ ಸ್ನಾಯುಗಳಲ್ಲಿ ಸ್ವಲ್ಪ ನೋವು ಸಹಜ. ಎರಡು ದಿನದಲ್ಲಿ ಅದು ಇಳಿಯಬೇಕು. ಕೀಲಿನಲ್ಲಿ ಚುಚ್ಚುವ ನೋವು, ಕೈಕಾಲು ಜೋಮು ಹಿಡಿಯುವುದು, ತಲೆಸುತ್ತು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಆಸನದಲ್ಲಿರುವಾಗ ಮೂಗಿನಿಂದ ಸಲೀಸಾಗಿ ಉಸಿರಾಡಲು ಆಗದಿದ್ದರೆ ಅದು ಸದ್ಯಕ್ಕೆ ತಮ್ಮ ಮಟ್ಟದ ಆಸನವಲ್ಲ.

ಸೇರಲು ಒಳ್ಳೆಯ ಕಾಲವೆಂದರೆ ರೊಬಸ್ಟಾ ಕೊಯ್ಲು ಮುಗಿದ ಮೇಲಿನಿಂದ ಮಳೆ ಹಿಡಿಯುವವರೆಗಿನ ಎರಡು ಮೂರು ತಿಂಗಳು. ಬೋರ್ಡೋ ಸಿಂಪರಣೆಯ ದಿನಗಳಲ್ಲಿ ಕತ್ತನ್ನು ಹಿಂದಕ್ಕೆ ಬಗ್ಗಿಸುವ ಆಸನಗಳನ್ನು ಬಿಟ್ಟು, ಸಂಜೆ ಅಂಗಾತ ಮಲಗಿ ಕಾಲುಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ ಇರಿ. ಸುಲಿತದ ರಾತ್ರಿಗಳಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು, ಗೋಡೆಗೆ ಬೆನ್ನು ತಾಗಿಸಿ, ತೋಳು ಮೇಲೆತ್ತಿ ನಿಲ್ಲಿ. ಕೊಯ್ಲಿನ ತಿಂಗಳುಗಳಲ್ಲಿ ತರಗತಿ ತಪ್ಪಿದರೂ ಇಷ್ಟನ್ನು ಮನೆಯಲ್ಲಿಯೇ ಮಾಡಿಕೊಂಡಿದ್ದು, ಕಣ ಖಾಲಿಯಾದ ಮೇಲೆ ಮತ್ತೆ ಸೇರಿಕೊಳ್ಳಬಹುದು.