ಕರಿ ಗುಂಡು, ಬಿಳಿ ರಸ್ತೆ

ಕರಿ ಡಾಂಬರು ಕಾಯುತ್ತದೆ, ಬಿಳಿ ಬಳಿದರೆ ಕಾಯುವುದಿಲ್ಲ. ಇಷ್ಟು ಯಾರಿಗಾದರೂ ಗೊತ್ತು. ಲಾಸ್ ಏಂಜಲೀಸ್ ನಗರಾಡಳಿತವೂ ಇದನ್ನೇ ನೆಚ್ಚಿಕೊಂಡು 2017ರ ಹೊತ್ತಿಗೆ ಬಡಾವಣೆಗಳ ರಸ್ತೆಗೆ ತೆಳು ಬೂದು ಲೇಪ ಬಳಿಸತೊಡಗಿತು. ಬಿಸಿಲನ್ನು ಹೀರದೆ ಬಂದ ದಾರಿಗೇ ಅಟ್ಟುವ ಲೇಪ. ರಸ್ತೆಯ ಮೈ ಮುಟ್ಟಿ ಅಳೆದಾಗ ನಿಜಕ್ಕೂ ಬಿಸಿ ಇಳಿದಿತ್ತು. ಆದರೆ ಅದರ ಮೇಲೆ ನಿಂತವರ ಪಾಡೇನು?

ಅದನ್ನು ಅಳೆಯುವ ಉಪಾಯ ಹೊಸದೇನಲ್ಲ. ಬ್ರಿಟನ್ನಿನ ಶರೀರವಿಜ್ಞಾನಿ ಎಚ್.ಎಂ. ವರ್ನನ್ ಕೆಲಸಗಾರರ ಆರೋಗ್ಯದ ಬಗ್ಗೆ ತಲೆ ಕೆಡಿಸಿಕೊಂಡಿದ್ದವರು. ಕುಲುಮೆಯ ಮುಂದೆ ನಿಂತವನನ್ನು ಸುಡುವುದು ಬಿಸಿಗಾಳಿಯೊಂದೇ ಅಲ್ಲ, ಬೆಂಕಿಯಿಂದ ನೇರ ಬಂದು ಬಡಿಯುವ ಕಿರಣ. 1930ರ ಸುಮಾರಿಗೆ ಅವರು ಆರು ಇಂಚಿನ ಟೊಳ್ಳು ತಾಮ್ರದ ಗುಂಡಿಗೆ ಹೊಳಪಿಲ್ಲದ ಕಪ್ಪು ಬಳಿದು, ನಟ್ಟನಡುವೆ ತಾಪಮಾಪಕ ಇಳಿಬಿಟ್ಟರು. ಮೈಯಂತೆಯೇ ಆ ಗುಂಡೂ ಎಲ್ಲ ದಿಕ್ಕಿನ ಕಿರಣ ಹೀರಿ ಬಿಸಿಯೇರುತ್ತಿತ್ತು.

ಅದೇ ಗುಂಡು ಬಯಲಿಗೆ ಬಂದದ್ದು ಸೈನ್ಯದ ದೆಸೆಯಿಂದ. ಅಮೆರಿಕದ ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲೆಂಡ್ ತರಬೇತಿ ಶಿಬಿರದಲ್ಲಿ ಹೊಸದಾಗಿ ಸೇರಿದ ಹುಡುಗರು ಬೇಸಿಗೆಯ ಕವಾಯತಿನಲ್ಲಿ ಕುಸಿದು ಬೀಳುತ್ತಿದ್ದರು. ಯಾಗ್ಲೂ ಮತ್ತು ಮಿನಾರ್ಡ್ ಎಂಬಿಬ್ಬರು 1957ರಲ್ಲಿ ಒಂದು ಸೂತ್ರ ಕೊಟ್ಟರು: ಒದ್ದೆಬಟ್ಟೆ ಸುತ್ತಿದ ತಾಪಮಾಪಕಕ್ಕೆ ನೂರರಲ್ಲಿ 70 ಪಾಲು, ಕರಿ ಗುಂಡಿಗೆ 20, ನೆರಳಿನಲ್ಲಿಟ್ಟ ಮಾಮೂಲಿ ತಾಪಮಾಪಕಕ್ಕೆ ಬರೀ 10. ಅಂಕಿ ಮಿತಿ ದಾಟಿದರೆ ಕವಾಯತು ಕಡಿಮೆ ಮಾಡು, ಇಲ್ಲವೇ ನಿಲ್ಲಿಸು.

ಸೂತ್ರ ಕಾರ್ಖಾನೆಗೆ ಹೋಯಿತು, ಆಟದ ಮೈದಾನಕ್ಕೂ ಹೋಯಿತು. ಬೀದಿಯ ಲೆಕ್ಕಕ್ಕೆ ಮಾತ್ರ ಆ ಹತ್ತು ಪಾಲಿನ ತಾಪಮಾಪಕವೇ ಯಜಮಾನ. ಕಲಬುರಗಿಯಲ್ಲಿ 43 ಡಿಗ್ರಿ ಎಂದು ಪೇಪರಿನಲ್ಲಿ ಬಂದರೆ ಅದೂ ಬಿಸಿಲು ತಾಗದಂತೆ ಪೆಟ್ಟಿಗೆಯೊಳಗಿಟ್ಟು ಕಾಪಾಡಿದ ಉಪಕರಣದ ಅಂಕಿಯೇ. ಬಸ್ಸಿಗೆ ಕಾಯುವವರಿಗೆ ಅಂಥ ಪೆಟ್ಟಿಗೆ ಯಾರು ಕೊಡುತ್ತಾರೆ?

ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಆರಿಯಾನೆ ಮಿಡಲ್ ಕಿರಣದ ಅಳತೆಯನ್ನು ಬೀದಿಗಿಳಿಸಿದರು. ತೋಟದಲ್ಲಿ ಗೊಬ್ಬರ ಸಾಗಿಸುವಂಥ ಕೈಗಾಡಿ; ಅದಕ್ಕೊಂದು ಕಂಬ; ಕಂಬದ ಮೇಲೆ ಗಾಳಿ, ತೇವ, ತಾಪಗಳ ಮಾಪಕಗಳು, ಜೊತೆಗೆ ಮೇಲೆ, ಕೆಳಗೆ, ನಾಲ್ಕೂ ಪಕ್ಕ ಹೀಗೆ ಆರು ದಿಕ್ಕಿನ ಕಿರಣ ಅಳೆಯುವ ಕಣ್ಣುಗಳು. ಎರಡು ಸೆಕೆಂಡಿಗೊಮ್ಮೆ ದಾಖಲೆ. ಗಾಡಿಯ ಹೆಸರು ಮಾರ್ಟಿ. ಆರೂ ದಿಕ್ಕಿನ ಕಿರಣ ಕೂಡಿಸಿ ಮೈಗೆ ತಾಗುವ ‘ಕಿರಣದ ತಾಪ’ ಕಂಡುಹಿಡಿಯುವ ಲೆಕ್ಕದಲ್ಲಿ ಒಂದು ಸ್ವಾರಸ್ಯವಿದೆ. ನಿಂತ ಮನುಷ್ಯನಿಗೆ ಮೇಲಿನಿಂದ ಬರುವುದಕ್ಕೆ ನೂರರಲ್ಲಿ ಆರೇ ಪಾಲು, ಕೆಳಗಿನದಕ್ಕೂ ಆರು. ನಾಲ್ಕು ಪಕ್ಕಕ್ಕೆ ತಲಾ 22. 2016ರ ಜೂನ್‌ನಲ್ಲಿ, ದಾಖಲೆಯ ಬಿಸಿಲಿನ ದಿನ, ಅರಿಜೋನಾದ ಟೆಂಪೆ ಊರಿನಲ್ಲಿ ಗಾಡಿ ಎಳೆದಾಗ ಬಯಲು ಪಾರ್ಕಿಂಗ್ ಜಾಗದಲ್ಲಿ ಕಿರಣದ ತಾಪ 70 ಡಿಗ್ರಿ ಸೆಲ್ಸಿಯಸ್ ದಾಟಿತು. ಅಲ್ಲೇ ಹತ್ತಿರದ ನೆರಳಿಗೆ ಸರಿದರೆ ಅಂಕಿ ದೊಪ್ಪನೆ ಇಳಿಯುತ್ತಿತ್ತು. ಗಾಳಿಯ ತಾಪದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ.

2019ರ ಜುಲೈನಲ್ಲಿ ಮಾರ್ಟಿ ಲಾಸ್ ಏಂಜಲೀಸಿನ ಸನ್ ವ್ಯಾಲಿಗೆ ಹೋಯಿತು. ಲೇಪದ ರಸ್ತೆ, ಬರೀ ಡಾಂಬರಿನ ರಸ್ತೆ, ಎರಡರ ಮೇಲೂ ಓಡಾಡಿಸಿದರು. ಲೇಪವಿದ್ದ ನೆಲದ ತಾಪ ಕಡಿಮೆಯೇ ಇತ್ತು. ಆದರೆ ನಡುಮಧ್ಯಾಹ್ನ ಅದರ ಮೇಲೆ ನಿಂತವರ ಮೈಗೆ ಬೀಳುವ ಕಿರಣದ ತಾಪ ಸುಮಾರು 4 ಡಿಗ್ರಿ ಸೆಲ್ಸಿಯಸ್ ಜಾಸ್ತಿ! ಕಾರಣ ಸರಳ. ಪಕ್ಕಕ್ಕೆ ನೋಡುವ ಕಣ್ಣಿಗೆ ಕಾಣುವುದರಲ್ಲಿ ಕೆಳಗಿನರ್ಧವೆಲ್ಲ ರಸ್ತೆಯೇ. ರಸ್ತೆ ಒಪ್ಪಿಸಿಕೊಳ್ಳದೆ ತಳ್ಳಿದ ಬಿಸಿಲು ಎಲ್ಲಿಗೆ ಹೋಗಬೇಕು? ದಾರಿಹೋಕರ ಕಾಲು, ಹೊಟ್ಟೆ, ಮುಖಕ್ಕೆ.

2020ರಲ್ಲಿ ಫೀನಿಕ್ಸ್ ನಗರವೂ ಅಂಥದೇ ಲೇಪಕ್ಕೆ ಕೈಹಾಕಿ, ಮಿಡಲ್ ಅವರ ವಿಶ್ವವಿದ್ಯಾಲಯದ ಜೊತೆ ಸೇರಿ ಪರೀಕ್ಷಿಸಿತು. ನಡುಹಗಲು ಮತ್ತು ಮಧ್ಯಾಹ್ನ ರಸ್ತೆಯ ಮೈ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪು. ಜನರ ಮೈಗೆ 3 ಡಿಗ್ರಿ ಹೆಚ್ಚು ಕಿರಣತಾಪ. ನಗರಾಡಳಿತ ಎರಡೂ ಅಂಕಿಯನ್ನು 2021ರಲ್ಲಿ ಪ್ರಕಟಿಸಿತು, ಮೆಚ್ಚಬೇಕಾದ್ದೇ. ಬೆಳಗಿನ ಜಾವಕ್ಕೂ ಲೇಪದ ರಸ್ತೆ ಒಂದು ಡಿಗ್ರಿಗಿಂತ ತುಸು ಹೆಚ್ಚೇ ತಂಪಾಗಿತ್ತು. ಹಾಗಾಗಿ ಲೇಪ ದಂಡವೆಂದು ತಳ್ಳಿಹಾಕುವಂತಿಲ್ಲ. ಮಧ್ಯಾಹ್ನ ಮಕ್ಕಳು ಆಡುವ ಅಂಗಳಕ್ಕೆ ಬಳಿಯುವುದು ಮಾತ್ರ ನನ್ನ ಮಟ್ಟಿಗೆ ಅವಿವೇಕ.

ಹಾಗಾದರೆ ನೆರಳೇ ಗತಿ. ಯಾವ ನೆರಳು? ಮಿಡಲ್ ತಂಡ 50ಕ್ಕೂ ಹೆಚ್ಚು ಬಗೆಯ ನೆರಳುಗಳಡಿ ಗಾಡಿ ನಿಲ್ಲಿಸಿ 2021ರಲ್ಲಿ ಫಲಿತಾಂಶ ಬರೆಯಿತು. ಹಗಲಲ್ಲಿ ಕಿರಣದ ತಾಪ ತಗ್ಗಿಸುವುದರಲ್ಲಿ ಕಟ್ಟಡಗಳ ನೆರಳಿಗೆ ಮೊದಲ ಸ್ಥಾನ, ಆಮೇಲೆ ಮರ, ಕೊನೆಗೆ ಹಗುರ ಚಪ್ಪರ, ಛತ್ರಿಗಳು. ಮರವೇ ಮೊದಲು ಬರುತ್ತದೆಂದು ನಾವೆಲ್ಲ ಪಣ ಕಟ್ಟುತ್ತಿದ್ದೆವೇನೋ. ಹೊತ್ತು ಮುಳುಗಿದ ಮೇಲೆ ಕತೆ ತಿರುವುಮುರುವು: ಆಕಾಶ ಕಾಣದ ನೆಲ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ.

ಫೀನಿಕ್ಸ್ ನಗರಸಭೆ 2024ರ ನವೆಂಬರಿನಲ್ಲಿ ನೆರಳಿಗೆಂದೇ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು: ಐದು ವರ್ಷಗಳಲ್ಲಿ 27,000 ಮರ, 550 ಚಪ್ಪರ. ಮರುಭೂಮಿಯಲ್ಲಿ ಅಷ್ಟು ಮರಕ್ಕೆ ನೀರು ಹೊಂದಿಸುವುದು ಬೇರೆಯದೇ ರಗಳೆ.