ಮೂಳೆ ಕೂಡಿದ ಮೇಲೂ ಉಳಿಯುವ ಪ್ರಶ್ನೆ

2006ರ ಅಕ್ಟೋಬರ್ 14ರಂದು ಚೆಲ್ಸಿ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಪೀಟರ್ ಚೆಕ್ ಚೆಂಡಿಗೆ ಬಿದ್ದಾಗ ಎದುರಾಳಿಯ ಮೊಣಕಾಲು ತಲೆಗೆ ಬಡಿದು, ಬುರುಡೆಯ ಮೂಳೆ ಒಳಕ್ಕೆ ಕುಸಿಯಿತು. ಶಸ್ತ್ರಚಿಕಿತ್ಸೆ ಮುಗಿಸಿ 2007ರ ಜನವರಿಯಲ್ಲೇ ಅವರು ಮೈದಾನಕ್ಕಿಳಿದರು; ಅಂದಿನಿಂದ 2019ರವರೆಗೂ ತಲೆಗೆ ರಕ್ಷಣಾ ಟೋಪಿ ತೊಟ್ಟೇ ಆಡಿದರು. ಹಲ್ ಸಿಟಿ ತಂಡದ ರಯಾನ್ ಮೇಸನ್‌ಗೆ 2017ರ ಜನವರಿಯಲ್ಲಿ ತಲೆಗೆ ತಲೆ ಡಿಕ್ಕಿಯಾಗಿ ಬುರುಡೆ ಒಡೆಯಿತು. ಅವರಿಗೂ ಶಸ್ತ್ರಚಿಕಿತ್ಸೆಯಾಯಿತು, ಅವರೂ ಅಭ್ಯಾಸ ಶುರುಮಾಡಿದರು. ಆದರೆ ತಜ್ಞರ ಸಲಹೆಯಂತೆ 2018ರ ಫೆಬ್ರವರಿಯಲ್ಲಿ, 26ನೇ ವಯಸ್ಸಿಗೆ, ಆಟವನ್ನೇ ಬಿಟ್ಟರು.

ಇಬ್ಬರದೂ ಬುರುಡೆಯ ಪೆಟ್ಟೇ. ಹಾಗಿದ್ದೂ ಒಬ್ಬರ ದಾರಿ ತೆರೆಯಿತು, ಇನ್ನೊಬ್ಬರದು ಮುಚ್ಚಿತು. ಬುರುಡೆಯನ್ನಷ್ಟೇ ನೋಡಿ ಮುಂದಿನದನ್ನು ಹೇಳಲಾಗದು. ಎಲ್ಲಿ ಒಡೆದಿದೆ, ಒಳಗೆ ರಕ್ತ ಸೋರಿದೆಯೇ, ಮಿದುಳಿನ ಯಾವ ಭಾಗ ನಲುಗಿದೆ, ಫಿಟ್ಸ್ ಬಂದಿದೆಯೇ, ಇನ್ನೊಂದು ಪೆಟ್ಟು ಬಿದ್ದರೆ ಆ ಜಾಗ ತಡೆದೀತೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಭಾರತ ಕ್ರಿಕೆಟ್ ತಂಡದ ನಾಯಕ ನಾರಿ ಕಂಟ್ರಾಕ್ಟರ್ 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆತಕ್ಕೆ ಬುರುಡೆ ಒಡೆದುಕೊಂಡಾಗ, ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ಕೂಡ ರಕ್ತ ಕೊಟ್ಟರು. ಕಂಟ್ರಾಕ್ಟರ್ ಬದುಕಿ ಬಂದು ಪ್ರಥಮ ದರ್ಜೆ ಕ್ರಿಕೆಟ್ ಆಡಿದರು. ಟೆಸ್ಟ್ ಮಾತ್ರ ಮತ್ತೆ ಒದಗಲಿಲ್ಲ. ಮರಳುವುದರಲ್ಲೂ ಮೆಟ್ಟಿಲುಗಳಿವೆ.

ಬುರುಡೆ ಒಡೆಯದೆಯೂ ಮಿದುಳು ಗಾಯಗೊಳ್ಳುತ್ತದೆ ಎಂಬುದನ್ನು ನಾವು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲ. ಮಜ್ಜಿಗೆಯಲ್ಲಿ ತೇಲುವ ಬೆಣ್ಣೆಮುದ್ದೆಯಂತೆ ಮಿದುಳು ಬುರುಡೆಯೊಳಗಿನ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಗಕ್ಕನೆ ತಿರುಗಿದರೆ ಅದು ಒಳಗೇ ತಿರುಚಿಕೊಂಡು, ನರಕೋಶಗಳ ಎಳೆಗಳು ಜಗ್ಗುತ್ತವೆ. ಆ ಕ್ಷಣದಿಂದ ಕೋಶದೊಳಗಿನ ಪೊಟ್ಯಾಸಿಯಂ ಹೊರಬೀಳುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಸರಿಪಡಿಸಲು ಕೋಶಕ್ಕೆ ಎಂದಿಗಿಂತ ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ರಕ್ತದ ಹರಿವು ತಗ್ಗಿರುತ್ತದೆ. ಕನ್ಕಷನ್ ಎಂದು ವೈದ್ಯರು ಕರೆಯುವ ಈ ಸ್ಥಿತಿ ಸಿಟಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಮುರಿತವನ್ನು. ‘ಸ್ಕ್ಯಾನ್ ನಾರ್ಮಲ್’ ಎಂಬ ಮಾತನ್ನು ‘ಆಡಬಹುದು’ ಎಂದು ಕೇಳಿಸಿಕೊಳ್ಳುವುದು ಅಪಾಯ. ಟೋಪಿಯೂ ಅಷ್ಟೇ. ಅದು ಹೊರಗಿನ ಪೆಟ್ಟನ್ನು ತುಸು ತಡೆದೀತು. ಒಳಗೆ ಮಿದುಳು ತಿರುಗುವುದನ್ನು ನಿಲ್ಲಿಸಲಾರದು.

ಈ ಗಾಯ ಮಾಗುವ ಮುನ್ನ ಮತ್ತೊಂದು ಪೆಟ್ಟು ಬಿದ್ದರೆ ಮಿದುಳು ಹಠಾತ್ತನೆ ಬಾತುಕೊಳ್ಳಬಹುದು. ಇದು ಅಪರೂಪ. ಆದರೆ ಇದಕ್ಕೆ ಸಿಲುಕಿದವರಲ್ಲಿ ಬಹುತೇಕರು ಎಳೆಯರು, ಅವರಲ್ಲಿ ಹಲವರು ಬದುಕುಳಿಯಲಿಲ್ಲ.

ಹಾಗಾದರೆ ಮರಳುವ ಸಾಧ್ಯತೆ ಎಷ್ಟು? ಕನ್ಕಷನ್ ಮಾತ್ರವಾಗಿದ್ದರೆ ಚೆನ್ನಾಗಿಯೇ ಇದೆ: ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರಗಳಲ್ಲಿ, ಮಕ್ಕಳು ಒಂದು ತಿಂಗಳ ಹೊತ್ತಿಗೆ ಚೇತರಿಸಿಕೊಳ್ಳುತ್ತಾರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಆರು ಹಂತಗಳ ಹಾದಿ ಹೇಳಿದ್ದಾರೆ. ಮೊದಲು ದಿನನಿತ್ಯದ ಓಡಾಟ, ಆಮೇಲೆ ಹಗುರ ವ್ಯಾಯಾಮ, ಬಳಿಕ ಒಬ್ಬನೇ ಮಾಡುವ ಅಭ್ಯಾಸ. ಕೊನೆಗಷ್ಟೇ ಮೈಗೆ ಮೈ ತಾಗುವ ಆಟ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ಮೊದಲ ಮೂರು ಹಂತಗಳಲ್ಲಿ ಲಕ್ಷಣ ತುಸುವಿಗಿಂತ ಹೆಚ್ಚು ಉಲ್ಬಣಿಸಿದರೆ ಅಂದಿಗೆ ನಿಲ್ಲಿಸಿ ಮರುದಿನ ಮತ್ತೆ ಯತ್ನ; ಆಮೇಲಿನ ಹಂತಗಳಲ್ಲಿ ಲಕ್ಷಣ ಕಂಡರೆ ಮೂರನೇ ಹಂತಕ್ಕೆ ವಾಪಸು. ಮಕ್ಕಳು ಓದಿಗೆ ಪೂರ್ತಿ ಮರಳಿದ ಮೇಲೆಯೇ ಪಂದ್ಯಕ್ಕೆ ಮರಳಬೇಕು. ರಕ್ತಸ್ರಾವ, ಮುರಿತ, ಶಸ್ತ್ರಚಿಕಿತ್ಸೆ ಆಗಿದ್ದವರ ಲೆಕ್ಕ ಬೇರೆ. ಅವರಿಗೆ ತಿಂಗಳುಗಳು ಬೇಕು, ನರಶಸ್ತ್ರಚಿಕಿತ್ಸಕರ ಒಪ್ಪಿಗೆ ಬೇಕು. 2020ರ ನವೆಂಬರ್‌ನಲ್ಲಿ ಬುರುಡೆ ಒಡೆದ ಮೆಕ್ಸಿಕೊದ ಫುಟ್‌ಬಾಲ್ ಆಟಗಾರ ರೌಲ್ ಹಿಮೆನೆಸ್ ಸ್ಪರ್ಧಾತ್ಮಕ ಪಂದ್ಯಕ್ಕೆ ಮರಳಿದ್ದು ಮರುವರ್ಷದ ಆಗಸ್ಟ್‌ನಲ್ಲಿ.

ಇದನ್ನೆಲ್ಲ ವಿಜಯಪುರ ಜಿಲ್ಲೆಗೆ ತಂದು ನೋಡಬೇಕು. ಇಲ್ಲಿ ಫುಟ್‌ಬಾಲ್‌ಗಿಂತ ಸೈಕ್ಲಿಂಗ್, ಕಬಡ್ಡಿ, ಕುಸ್ತಿಯ ಹುಚ್ಚು ಹೆಚ್ಚು. ತಲೆಗೆ ಪೆಟ್ಟು ಎಲ್ಲದರಲ್ಲೂ ಇದೆ. ನಗರದಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಆದರೆ ತಿಕೋಟಾ, ಬಬಲೇಶ್ವರದ ಶಾಲಾ ಮೈದಾನದಲ್ಲಿ ಹುಡುಗ ಬಿದ್ದಾಗ ಹತ್ತಿರ ಇರುವವರು ಪಿ.ಟಿ. ಮಾಸ್ತರರು, ಜೊತೆಗಾರರು ಅಷ್ಟೇ. ತಲೆಗೆ ನೀರು ಹಾಕುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ. ಹುಡುಗ ಎದ್ದು ಕೂತು ‘ಏನೂ ಆಗಿಲ್ರೀ ಸರ್, ಆಡ್ತೀನಿ’ ಅಂದರೆ ಎಲ್ಲರಿಗೂ ಸಮಾಧಾನ. ಆ ಮಾತನ್ನು ನಂಬಲಾಗದು, ಏಕೆಂದರೆ ನಿರ್ಧಾರ ಮಾಡಬೇಕಾದ ಅಂಗಕ್ಕೇ ಪೆಟ್ಟು ಬಿದ್ದಿರುತ್ತದೆ. ಕಿವಿಯ ಮೇಲ್ಭಾಗದ ತೆಳು ಮೂಳೆ ಒಡೆದು ಅದರಡಿಯ ರಕ್ತನಾಳ ಹರಿದರೆ, ಎಚ್ಚರಾದವನು ಒಂದೆರಡು ತಾಸು ಮಾತಾಡಿಕೊಂಡೇ ಇದ್ದು ನಂತರ ಕುಸಿಯುವುದೂ ಉಂಟು.

ಹಾಗಾಗಿ ಕನ್ಕಷನ್ ಅನುಮಾನವಿರುವ ಹುಡುಗ ಆ ದಿನ ಮತ್ತೆ ಆಡಕೂಡದು, ಒಬ್ಬನೇ ಮನೆಗೂ ಹೋಗಕೂಡದು. ತಲೆನೋವು ಏರುತ್ತಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲಿನ ಬಲ ಇಳಿದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ವಿಜಯಪುರದ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಕುತ್ತಿಗೆಗೂ ಪೆಟ್ಟಾಗಿರಬಹುದಾದ್ದರಿಂದ ಎತ್ತುವಾಗ ತಲೆ ಅಲ್ಲಾಡದಂತೆ ಹಿಡಿಯಬೇಕು.