ಮಿದುಳಿನ ಅಲೆಗಳನ್ನು ಓದುವ ಬಗೆ

ಕಳೆದ ಮಾಘಮಾಸದ ಒಂದು ಸಂಜೆ ನನ್ನ ಅಕ್ಕ ದೊಡ್ಡದೊಂದು ಲಕೋಟೆಯನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದಳು. ಮುಂದಿಟ್ಟ ಕಾಫಿಯನ್ನೂ ಮುಟ್ಟದೆ, “ನೀನು ಓದಿದವನು. ಇದರಲ್ಲಿ ಏನು ಬರೆದಿದೆಯೋ ಮುಚ್ಚುಮರೆಯಿಲ್ಲದೆ ಹೇಳಿಬಿಡಪ್ಪ” ಎಂದಳು.

ಅವಳ ಮಗಳಿಗೆ ಹದಿನಾರು ವರ್ಷ. ಗಣರಾಜ್ಯೋತ್ಸವದ ದಿನ ಹುಡುಗಿ ತಿಂಡಿಯನ್ನೂ ತಿನ್ನದೆ ಕಾಲೇಜಿಗೆ ಓಡಿದ್ದಳು. ಮೈದಾನದ ಬಿಸಿಲಿನಲ್ಲಿ ಬಹಳ ಹೊತ್ತು ನಿಂತಿದ್ದು, ಕಣ್ಣು ಕತ್ತಲೆಗಟ್ಟಿ ಕುಸಿದು ಬಿದ್ದಳಂತೆ. ಬಿದ್ದಾಗ ಕೈಗಳು ಎರಡು ಮೂರು ಸಲ ಅದುರಿದುವಂತೆ. ಅದನ್ನು ಕಂಡ ಯಾರೋ “ಫಿಟ್ಸ್!” ಎಂದು ಕೂಗಿದರು. ಆ ಒಂದು ಮಾತು ಹುಡುಗಿಗಿಂತ ಮೊದಲೇ ಮನೆ ಸೇರಿತ್ತು. ಆಮೇಲೆ ಆಸ್ಪತ್ರೆ, ಪರೀಕ್ಷೆ, ಈ ಲಕೋಟೆ. ಪರೀಕ್ಷೆಯ ಹೆಸರು ಇ.ಇ.ಜಿ. ವರದಿಯಲ್ಲಿದ್ದ ‘ಶಾರ್ಪ್’ ಎಂಬ ಒಂದು ಶಬ್ದದ ಕೆಳಗೆ ಅಕ್ಕ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಅವಳ ಅಂಜಿಕೆ ಜ್ವರ ನೆಗಡಿಗಳ ಅಂಜಿಕೆಯಾಗಿರಲಿಲ್ಲ. ಹುಡುಗಿಯ ಓದು, ನಾಳಿನ ಮದುವೆ, ನಾಲ್ಕು ಜನರ ಬಾಯಿ ಎಲ್ಲವೂ ಆ ಗೆರೆಯ ಕೆಳಗಿದ್ದುವು.

ಹಳಗನ್ನಡದ ಶಾಸನವನ್ನಾದರೆ ತಡವರಿಸಿಕೊಂಡು ಓದಬಲ್ಲೆ. ಆ ಎರಡು ಹಾಳೆಗಳ ಮುಂದೆ ಮಾತ್ರ ನಾನು ನಿರಕ್ಷರಿಯಾದೆ. ಮರುದಿನ ಬೆಳಗ್ಗೆ ಅದನ್ನು ನರರೋಗ ತಜ್ಞರಾದ ನನ್ನ ಮಿತ್ರರೊಬ್ಬರ ಬಳಿಗೆ ಒಯ್ದೆ. ಅವರು ಎರಡು ಗಂಟೆಗಳ ಕಾಲ ಸಾವಧಾನವಾಗಿ ಕಲಿಸಿದ ಪಾಠವನ್ನು ವಾಚಕರ ಮುಂದಿಡುತ್ತಿದ್ದೇನೆ. ಇಂಥ ಲಕೋಟೆ ಎಷ್ಟೋ ಮನೆಗಳಿಗೆ ಬರುತ್ತದೆ. ಬಂದಾಗ ಅದರ ಭಾಷೆಯ ಅಕ್ಷರಮಾಲೆಯಾದರೂ ತಿಳಿದಿರುವುದು ಒಳ್ಳೆಯದು.

ಯೇನಾ ನಗರದ ವೈದ್ಯ

ಮಿದುಳಿನಲ್ಲಿ ವಿದ್ಯುತ್ತಿನ ಸಂಚಾರವಿದೆಯೆಂಬುದನ್ನು ಮೊದಲು ಕಂಡವನು ಇಂಗ್ಲೆಂಡಿನ ಲಿವರ್‌ಪೂಲಿನ ರಿಚರ್ಡ್ ಕೇಟನ್. ಅವನು 1875ರಲ್ಲಿ ಮೊಲ, ಕೋತಿಗಳ ಮಿದುಳಿನ ಮೇಲೆ ಪ್ರಯೋಗ ನಡೆಸಿದ್ದ. ಮನುಷ್ಯನ ಮಿದುಳಿನ ಅಲೆಗಳನ್ನು ತಲೆಯ ಹೊರಗಿನಿಂದಲೇ ದಾಖಲು ಮಾಡಬಹುದೆಂದು ತೋರಿಸಿಕೊಟ್ಟವನು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್.

ಅವನನ್ನು ಈ ದಾರಿಗೆ ಹಚ್ಚಿದ ಪ್ರಸಂಗ ಕಥೆಯಂತಿದೆ. ತರುಣನಾಗಿ ಸೈನ್ಯದಲ್ಲಿದ್ದಾಗ ಅವನು ಕುದುರೆಯಿಂದ ಬಿದ್ದು, ಫಿರಂಗಿ ಬಂಡಿಯ ಗಾಲಿಗೆ ಸಿಕ್ಕುವುದು ಕೂದಲೆಳೆಯಲ್ಲಿ ತಪ್ಪಿತು. ಅದೇ ದಿನ ದೂರದ ಊರಿನಲ್ಲಿದ್ದ ಅವನ ಸೋದರಿಗೆ, ಸೋದರನಿಗೇನೋ ಕೇಡಾಯಿತೆಂಬ ಕಳವಳ ಹುಟ್ಟಿ, ಅವಳ ಒತ್ತಾಯಕ್ಕೆ ತಂದೆ ತಂತಿ ಕಳುಹಿಸಿದ. ಮನಸ್ಸಿನಿಂದ ಮನಸ್ಸಿಗೆ ಯಾವುದೋ ಶಕ್ತಿ ಹರಿಯುತ್ತಿರಬೇಕೆಂದು ಬರ್ಗರ್ ನಂಬಿದ. ಆ ಶಕ್ತಿಯೇನೂ ಅವನಿಗೆ ಸಿಕ್ಕಲಿಲ್ಲ. ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಮಿದುಳಿನ ಅಲೆ.

1924ರಲ್ಲಿ ಅವನಿಗೆ ಮೊದಲ ದಾಖಲೆ ದೊರೆಯಿತು. ಆದರೆ ಅದು ನಿಜವಾಗಿ ಮಿದುಳಿನದೋ, ಯಂತ್ರದ ದೋಷವೋ ಎಂಬ ಸಂಶಯ ಅವನನ್ನು ಬಿಡಲಿಲ್ಲ. ಮತ್ತೆ ಮತ್ತೆ ಪರೀಕ್ಷಿಸಿ, 1929ರಲ್ಲಷ್ಟೇ ಪ್ರಕಟಿಸಿದ. ಆಗಲೂ ಬಹುಜನ ವಿದ್ವಾಂಸರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು ಅದನ್ನು ದೃಢಪಡಿಸಿದ ಮೇಲೆಯೇ ಲೋಕ ಒಪ್ಪಿತು. ತಾನು ಕಂಡದ್ದನ್ನು ತಾನೇ ಐದು ವರ್ಷ ಸಂಶಯಿಸಿದ ಬರ್ಗರನ ಎಚ್ಚರಿಕೆ ಈ ವಿದ್ಯೆಯ ಮೊದಲ ಪಾಠವೆಂದು ನನ್ನ ಮಿತ್ರರು ಹೇಳಿದರು.

ನಾಲ್ಕು ಹೆಸರುಗಳು

ಅಲೆಯನ್ನು ಅಳೆಯುವುದು ಎರಡು ಬಗೆಯಿಂದ. ಒಂದು ಸೆಕೆಂಡಿಗೆ ಅದು ಎಷ್ಟು ಸಲ ಏರಿಳಿಯುತ್ತದೆಂಬುದು ಅದರ ಆವರ್ತನ. ಎಷ್ಟು ಎತ್ತರ ಏಳುತ್ತದೆಂಬುದು ಅದರ ಪ್ರಮಾಣ. ಆವರ್ತನವನ್ನು ‘ಹರ್ಟ್ಸ್’ ಎಂದೂ ಎತ್ತರವನ್ನು ‘ಮೈಕ್ರೋವೋಲ್ಟ್’ ಎಂದೂ ವರದಿಯಲ್ಲಿ ಬರೆಯುತ್ತಾರೆ. ಮೈಕ್ರೋವೋಲ್ಟೆಂದರೆ ವೋಲ್ಟಿನ ಹತ್ತು ಲಕ್ಷದ ಒಂದು ಪಾಲು. ನಮ್ಮ ಕೈದೀಪದ ಒಂದು ಸೆಲ್ಲಿನ ಒತ್ತಡ 1.5 ವೋಲ್ಟ್, 50 ಮೈಕ್ರೋವೋಲ್ಟಿನ ಅಲೆಗಿಂತ ಅದು ಮೂವತ್ತು ಸಾವಿರ ಪಟ್ಟು ಹೆಚ್ಚು. ಅಷ್ಟು ಕ್ಷೀಣವಾದ ಪಿಸುಮಾತನ್ನು ಯಂತ್ರ ಕೇಳಿಸಿಕೊಳ್ಳಬೇಕಾಗಿದೆ.

ಅಲೆಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಟ್ಟಿದ್ದಾರೆ. ಸೆಕೆಂಡಿಗೆ 8ರಿಂದ 13 ಸಲ ಬರುವುದು ಆಲ್ಫಾ. ಅದಕ್ಕಿಂತ ವೇಗವಾದದ್ದು ಬೀಟಾ. ಈ ಎರಡು ಹೆಸರುಗಳನ್ನು ಇಟ್ಟವನು ಬರ್ಗರನೇ. 4ರಿಂದ 8ರವರೆಗಿನದು ಥೀಟಾ. 4ಕ್ಕಿಂತ ನಿಧಾನವಾದದ್ದು ಡೆಲ್ಟಾ. ಎಚ್ಚರವಾಗಿದ್ದು, ಕಣ್ಣು ಮುಚ್ಚಿ, ನೆಮ್ಮದಿಯಿಂದ ಮಲಗಿದವನ ತಲೆಯ ಹಿಂಭಾಗದಲ್ಲಿ ಆಲ್ಫಾ ಚೆನ್ನಾಗಿ ಕಾಣುತ್ತದೆ. ಕಣ್ಣು ತೆರೆದೊಡನೆ ಕುಗ್ಗುತ್ತದೆ. ಕಣ್ಣು ತೆರೆದಾಗ ಹೀಗೆ ಬದಲಾಗುವುದನ್ನೇ ವರದಿಗಳು ‘ರಿಯಾಕ್ಟಿವ್’ ಎನ್ನುತ್ತವೆ. ಅದು ಒಳ್ಳೆಯ ಲಕ್ಷಣ. ‘ಬ್ಯಾಕ್‌ಗ್ರೌಂಡ್’ ಎಂಬ ಮಾತೂ ಪ್ರತಿಯೊಂದು ವರದಿಯಲ್ಲಿ ಬರುತ್ತದೆ. ಸಂಗೀತಕ್ಕೆ ತಂಬೂರಿಯ ಶ್ರುತಿ ಹೇಗೋ ಹಾಗೆ ಇದು ದಾಖಲೆಯ ಉದ್ದಕ್ಕೂ ಹಿಂದೆ ನುಡಿಯುತ್ತಿರುವ ಲಯ. ಅದು ಎಡಬಲಗಳಲ್ಲಿ ಹೆಚ್ಚುಕಡಮೆ ಸಮನಾಗಿದ್ದರೆ ‘ಸಿಮೆಟ್ರಿಕಲ್’ ಎಂದು ಬರೆಯುತ್ತಾರೆ.

ಯಾವ ಅಲೆಯೂ ತಾನಾಗಿ ಒಳ್ಳೆಯದಲ್ಲ, ಕೆಟ್ಟದ್ದೂ ಅಲ್ಲ. ಎಳೆಯ ಕೂಸಿನಲ್ಲಿ ಈ ಹಿನ್ನೆಲೆಯ ಲಯ ನಿಧಾನವಾಗಿರುವುದು ಸಹಜ. ವರ್ಷ ತುಂಬುವಾಗ ಅದು ಸೆಕೆಂಡಿಗೆ ಸುಮಾರು 6, ಮೂರು ವರ್ಷಕ್ಕೆ ಸುಮಾರು 8, ಹತ್ತು ವರ್ಷದ ಹೊತ್ತಿಗೆ ಸುಮಾರು 10 ಆಗುತ್ತದೆ. ದೊಡ್ಡವರ ಗಾಢನಿದ್ರೆಯಲ್ಲಿ ಡೆಲ್ಟಾ ಇದ್ದೇ ಇರಬೇಕು. ಅದೇ ಡೆಲ್ಟಾ, ಕಣ್ಣು ತೆರೆದು ಮಾತನಾಡುತ್ತಿರುವ ವಯಸ್ಕನ ತಲೆಯ ಒಂದು ಕಡೆಯಲ್ಲಿ ಮಾತ್ರ ಎಡೆಬಿಡದೆ ಕಂಡರೆ, ಅಲ್ಲಿ ಏಟೋ ಗಡ್ಡೆಯೋ ಇರಬಹುದೆಂದು ವೈದ್ಯರು ವಿಚಾರಿಸುತ್ತಾರೆ. ಆದ್ದರಿಂದ ಓದುವವನು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ವಯಸ್ಸೆಷ್ಟು? ಎಚ್ಚರವೋ, ನಿದ್ರೆಯೋ?

ತಲೆಯ ಭೂಪಟ

ಅಲೆಗಳನ್ನು ಹಿಡಿಯಲು ನೆತ್ತಿಯ ಚರ್ಮಕ್ಕೆ ಸಣ್ಣ ಲೋಹದ ಬಿಲ್ಲೆಗಳನ್ನು ಅಂಟಿಸುತ್ತಾರೆ, ಇವೇ ‘ಎಲೆಕ್ಟ್ರೋಡು’ಗಳು. ಇವು ಮಿದುಳಿನೊಳಕ್ಕೆ ವಿದ್ಯುತ್ತನ್ನು ಕಳುಹಿಸುವುದಿಲ್ಲ, ಅಲ್ಲಿಂದ ಬಂದದ್ದನ್ನು ಕೇಳಿಸಿಕೊಳ್ಳುತ್ತವೆ ಅಷ್ಟೆ. ಎಲ್ಲಿ ಅಂಟಿಸಬೇಕೆಂಬುದಕ್ಕೆ 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ ‘ಹತ್ತು-ಇಪ್ಪತ್ತು’ ಎಂಬ ಕ್ರಮ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಮೂಗಿನ ಬುಡದಿಂದ ತಲೆಯ ಹಿಂದಿನ ಎಲುಬಿನ ಉಬ್ಬಿನವರೆಗೆ ಅಳೆದು, ಆ ಅಳತೆಯನ್ನು ನೂರಕ್ಕೆ ಹತ್ತು, ಇಪ್ಪತ್ತರಂತೆ ಭಾಗಿಸುವುದರಿಂದ ಆ ಹೆಸರು. ವರದಿಯಲ್ಲಿ ಕಾಣುವ ಎಫ್ ಎಂದರೆ ಹಣೆಯ ಭಾಗ, ಟಿ ಕಪೋಲದ ಮೇಲಿನ ಕಣತಲೆಯ ಭಾಗ, ಓ ಹಿಂತಲೆ. ಬೆಸಸಂಖ್ಯೆ ಎಡಕ್ಕೆ, ಸಮಸಂಖ್ಯೆ ಬಲಕ್ಕೆ. ಓ2 ಎಂದು ಕಂಡರೆ ಬಲಗಡೆಯ ಹಿಂತಲೆಯೆಂದು ತಿಳಿಯಬೇಕು.

ಒಂದೊಂದು ಗೆರೆಯೂ ಎರಡು ಬಿಂದುಗಳ ನಡುವಣ ವ್ಯತ್ಯಾಸ. ಯಾವ ಬಿಂದುವನ್ನು ಯಾವುದರೊಡನೆ ಜೋಡಿಸಿದ್ದಾರೆಂಬ ಏರ್ಪಾಟಿಗೆ ‘ಮಾಂಟಾಜ್’ ಎಂದು ಹೆಸರು. ಇದೇ ಮಿದುಳಿನ ಇದೇ ಗಳಿಗೆಯನ್ನು ಬೇರೊಂದು ಮಾಂಟಾಜಿನಲ್ಲಿ ನೋಡಿದರೆ ಗೆರೆಗಳ ಆಕಾರವೇ ಬೇರೆಯಾಗುತ್ತದೆ. ಬಿಂದುಗಳನ್ನು ಸರಪಳಿಯಂತೆ ಜೋಡಿಸಿದಾಗ ಪಕ್ಕಪಕ್ಕದ ಎರಡು ಗೆರೆಗಳ ಮೊನೆಗಳು ಒಂದಕ್ಕೊಂದು ಎದುರಾಗಿ ನಿಂತರೆ ಅದು ‘ಫೇಸ್ ರಿವರ್ಸಲ್’. ಹೆಸರು ಭಯಂಕರ, ಅರ್ಥ ಸರಳ: ಅಲೆಯ ಮೂಲ ಆ ಎರಡು ಗೆರೆಗಳಿಗೂ ಸೇರಿದ ಬಿಂದುವಿನ ಬಳಿ ಇರಬಹುದು ಎಂಬ ಸೂಚನೆ. ಅದು ಸ್ಥಳವನ್ನು ಹೇಳುತ್ತದೆಯೇ ಹೊರತು ರೋಗವನ್ನು ಹೇಳುವುದಿಲ್ಲ.

ಅಕ್ಷರವೋ, ಕಲ್ಲಿನ ಬಿರುಕೋ

ಶಾಸನವನ್ನು ಓದುವವನು ಅಕ್ಷರ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ಮೊದಲು ಬೇರ್ಪಡಿಸಬೇಕು. ಇಲ್ಲಿಯೂ ಹಾಗೆಯೇ. ಮಿದುಳಿನಿಂದ ಬಾರದ ಗುರುತುಗಳನ್ನೆಲ್ಲ ‘ಆರ್ಟಿಫ್ಯಾಕ್ಟ್’ ಎನ್ನುತ್ತಾರೆ. ರೆಪ್ಪೆ ಬಡಿದರೆ ಹಣೆಯ ಗೆರೆಗಳಲ್ಲಿ ದೊಡ್ಡ ಅಲೆ. ಹಲ್ಲು ಕಚ್ಚಿದರೆ ಕಣತಲೆಯಲ್ಲಿ ದಟ್ಟವಾದ ಗೀರು. ಬೆವರಿದರೆ ಗೆರೆಯೇ ಮೆಲ್ಲಗೆ ತೇಲುತ್ತದೆ. ನಮ್ಮ ದೇಶದ ಮನೆಬಳಕೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಆ ಗುಂಯ್‌ಗಾನವೂ ನಡುವೆ ನುಸುಳುತ್ತದೆ. ತಲೆಗೆ ಎಣ್ಣೆ ಹಚ್ಚದೆ, ತೊಳೆದು ಒಣಗಿಸಿಕೊಂಡು ಬರಬೇಕೆಂದು ಹೇಳುವುದು ಬಿಲ್ಲೆಗಳು ಚೆನ್ನಾಗಿ ಹಿಡಿದು ಇಂಥ ಕಲಬೆರಕೆ ತಗ್ಗಲೆಂದೇ.

ಇನ್ನು ಅಕ್ಕನನ್ನು ಹೆದರಿಸಿದ ಮಾತಿಗೆ ಬರೋಣ. ಹಿನ್ನೆಲೆಯಿಂದ ಥಟ್ಟನೆ ಮೇಲೆದ್ದ ಮೊನಚಾದ ಅಲೆ ಸೆಕೆಂಡಿನ ಸಾವಿರದ 20ರಿಂದ 70 ಪಾಲಿನಷ್ಟು ಹೊತ್ತು ಇದ್ದರೆ ‘ಸ್ಪೈಕ್’. 70ರಿಂದ 200 ಪಾಲಿನಷ್ಟಿದ್ದರೆ ‘ಶಾರ್ಪ್ ವೇವ್’. ಅಪಸ್ಮಾರ ಅಥವಾ ಮೂರ್ಛೆರೋಗದಲ್ಲಿ ಕಾಣುವ ಬಗೆಯ ಇಂಥ ಅಲೆಗಳಿಗೆ ‘ಎಪಿಲೆಪ್ಟಿಫಾರ್ಮ್’ ಎಂಬ ವಿಶೇಷಣ ಸೇರುತ್ತದೆ. ಒಂದು ಕಡೆ ಮಾತ್ರ ಇದ್ದರೆ ‘ಫೋಕಲ್’, ಎರಡೂ ಅರ್ಧಗಳಲ್ಲಿ ಒಮ್ಮೆಗೇ ಹರಡಿದ್ದರೆ ‘ಜನರಲೈಸ್ಡ್’. ಪಾಠ ಕೇಳುತ್ತಿರುವ ಮಗು ಇದ್ದಕ್ಕಿದ್ದಂತೆ ಕೆಲವು ಸೆಕೆಂಡು ಬೊಂಬೆಯಂತೆ ನಿಂತು, ಏನೂ ಆಗದಂತೆ ಮತ್ತೆ ಮುಂದುವರಿಯುವ ಒಂದು ಬಗೆಯ ಅಪಸ್ಮಾರವಿದೆ. ಅದರಲ್ಲಿ ಸೆಕೆಂಡಿಗೆ ಮೂರರಂತೆ ಸ್ಪೈಕು ಮತ್ತು ದೊಡ್ಡ ಅಲೆ ಜೋಡಿಜೋಡಿಯಾಗಿ ಬರುತ್ತವೆ. ಇದನ್ನು ಅಮೆರಿಕದಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬುವರು 1935ರಲ್ಲಿ ವರ್ಣಿಸಿದರು. ಪರೀಕ್ಷೆಯ ವೇಳೆ ಮೂರು ನಿಮಿಷ ದೀರ್ಘವಾಗಿ ಉಸಿರಾಡಿಸುವುದು ಇಂಥ ಅಲೆಗಳನ್ನು ಹೊರಗೆಳೆಯಲಿಕ್ಕೆ.

ಆದರೆ ಮೊನಚಾದದ್ದೆಲ್ಲ ಅಪಸ್ಮಾರವಲ್ಲ. ನಿದ್ರೆ ಹತ್ತುವಾಗ ನಡುನೆತ್ತಿಯಲ್ಲಿ ಚೂಪಾದ ಅಲೆಗಳು ಆರೋಗ್ಯವಂತರಲ್ಲಿಯೂ ಏಳುತ್ತವೆ. ನೂಲುವ ಕದಿರಿನಂತೆ ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾಗುವ ‘ಸ್ಪಿಂಡಲ್’ ಅಲೆಗಳು ನಿದ್ರೆಯ ಸಹಜ ಗುರುತು. ತೂಕಡಿಕೆಯಲ್ಲಿ ಕಣತಲೆಯಲ್ಲಿ ಕಾಣುವ ಒಂದು ಬಗೆಯ ಥೀಟಾ ಸಾಲನ್ನು ತಜ್ಞರು ಒಂದು ಕಾಲಕ್ಕೆ ಅಪಸ್ಮಾರದ ಪ್ರಭೇದವೆಂದೇ ಎಣಿಸಿ ಹೆಸರಿಟ್ಟಿದ್ದರು. ಅದು ನಿರಪಾಯವೆಂದು ಗೊತ್ತಾದ ಮೇಲೆ ಹೆಸರನ್ನೇ ಬದಲಿಸಬೇಕಾಯಿತು. ಪಂಡಿತರೇ ಮುಗ್ಗರಿಸಿದ ನೆಲದಲ್ಲಿ ನಾವು ಪೆನ್ಸಿಲು ಹಿಡಿದು ಗೆರೆ ಎಳೆಯುವುದು ಸಾಹಸವೇ ಸರಿ.

ಓದಿನ ಮಿತಿ

“ಹಾಗಾದರೆ ದಾಖಲೆ ನಾರ್ಮಲ್ ಎಂದು ಬಂದರೆ ನಿಶ್ಚಿಂತೆಯೇ?” ಎಂದೆ. ಮಿತ್ರರು ನಕ್ಕು, “ಅದೂ ಇಲ್ಲ ಮೇಷ್ಟ್ರೇ” ಎಂದರು. ಅಪಸ್ಮಾರವಿರುವವರಲ್ಲಿಯೂ ಮೊದಲನೆಯ ಸಾಮಾನ್ಯ ಪರೀಕ್ಷೆಯಲ್ಲಿ ಆ ಬಗೆಯ ಅಲೆಗಳು ಕಾಣುವುದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ. ಅರ್ಧ ಗಂಟೆಯ ಪರೀಕ್ಷೆ ಅರ್ಧ ಗಂಟೆಯ ಸುದ್ದಿಯನ್ನಷ್ಟೇ ಹೇಳಬಲ್ಲುದು. ಅದಕ್ಕಾಗಿಯೇ ಕೆಲವರಿಗೆ ರಾತ್ರಿ ನಿದ್ದೆಗೆಡಿಸಿ ಮತ್ತೊಮ್ಮೆ ಮಾಡುತ್ತಾರೆ. ಮತ್ತೊಂದು ಕಡೆ, ಎಂದೂ ಮೂರ್ಛೆ ಬಾರದ ಆರೋಗ್ಯವಂತರಲ್ಲಿ ಕೆಲವರಿಗೆ ಅಂಥ ಅಲೆಗಳು ಕಾಣುವುದುಂಟು.

ಇದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ತಲೆಗೆ ತಂಬಿಗೆ ತಂಬಿಗೆ ಬಿಸಿನೀರು ಹುಯ್ದುಕೊಳ್ಳುವಾಗ ಮೂರ್ಛೆ ತರುವ ‘ಬಿಸಿನೀರಿನ ಅಪಸ್ಮಾರ’ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಕರ್ನಾಟಕದಲ್ಲಿ, ವಿಶೇಷವಾಗಿ ಕಾಣುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದರ ಬಗ್ಗೆ ವಿಸ್ತಾರವಾದ ಅಧ್ಯಯನ ನಡೆಸಿದ್ದಾರೆ. ಈ ರೋಗಿಗಳಲ್ಲಿ ಹೆಚ್ಚಿನವರ ದಾಖಲೆ, ಬೇರೆ ವೇಳೆಯಲ್ಲಿ ತೆಗೆದಾಗ, ಸಹಜವಾಗಿಯೇ ಇರುತ್ತದೆ. ರೋಗವನ್ನು ಗುರುತಿಸಿಕೊಡುವುದು ಯಂತ್ರವಲ್ಲ, ಬಚ್ಚಲಮನೆಯಲ್ಲಿ ನಡೆದದ್ದನ್ನು ಕಂಡ ತಾಯಿಯ ಮಾತು.

ಆದುದರಿಂದ ಬಿದ್ದವರನ್ನು ಕಂಡವರು ನೆನಪಿಟ್ಟುಕೊಳ್ಳಬೇಕಾದ ಸಂಗತಿಗಳಿವೆ. ಬೀಳುವ ಮೊದಲು ಏನೆನ್ನಿಸಿತು? ಮುಖ ಬಿಳಿಚಿತೋ, ನೀಲಿಗಟ್ಟಿತೋ? ಅದುರಿದ್ದು ಎಷ್ಟು ಹೊತ್ತು? ನಾಲಿಗೆ ಕಚ್ಚಿತೇ? ಎಚ್ಚತ್ತ ಮೇಲೆ ಕೂಡಲೇ ಗುರುತು ಹಿಡಿದರೋ, ಬಹಳ ಹೊತ್ತು ಮಂಕಾಗಿದ್ದರೋ? ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರಿಸಿಕೊಂಡದ್ದನ್ನು ವೈದ್ಯರಿಗೆ ತೋರಿಸಬಹುದು. ಬರಿಯ ತಲೆಸುತ್ತಿನಿಂದ ಕುಸಿದವರ ಕೈಕಾಲುಗಳೂ ಕೆಲವು ಗಳಿಗೆ ಅದುರುವುದುಂಟು.

ಕೊನೆಯ ಸಾಲು

ಇಷ್ಟು ಹೇಳಿ ಮಿತ್ರರು ಸೊಸೆಯ ವರದಿಯನ್ನು ಬಿಡಿಸಿದರು. ಪೆನ್ಸಿಲಿನ ಗೆರೆಯ ಹಿಂದುಮುಂದಿನ ಮಾತುಗಳನ್ನು ಬಿಡಿಸಿ ಓದಿದರು: ತೂಕಡಿಕೆಯ ವೇಳೆ, ನಡುನೆತ್ತಿಯಲ್ಲಿ, ಎಡಬಲ ಸಮನಾಗಿ ಕಂಡ ಚೂಪಾದ ಅಲೆಗಳು; ಸಹಜ. ಅಕ್ಕ ಒಂದು ಶಬ್ದವನ್ನು ಕಂಡಿದ್ದಳು, ವಾಕ್ಯವನ್ನು ಕಂಡಿರಲಿಲ್ಲ. ಪುಟದ ಕೊನೆಯಲ್ಲಿ ಸಣ್ಣ ಅಕ್ಷರದ ಮತ್ತೊಂದು ಸಾಲಿತ್ತು: ‘ರೋಗಿಯ ವೃತ್ತಾಂತದೊಡನೆ ಹೋಲಿಸಿ ನೋಡತಕ್ಕದ್ದು.’ “ಎಲ್ಲ ವರದಿಗಳಲ್ಲಿಯೂ ಇರುವ ಸಾಲು ಇದು. ಯಾರೂ ಓದುವುದಿಲ್ಲ. ಇದಕ್ಕಿಂತ ಮುಖ್ಯವಾದ ಸಾಲು ಮತ್ತೊಂದಿಲ್ಲ” ಎಂದರು ಅವರು.

ಸಂಜೆ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿದೆ. ಅವಳ ಮುಖ ತಿಳಿಯಾಯಿತು. ಆದರೂ ಒಂದು ಮಾತು ಉಳಿದಿತ್ತು. “ಒಂದು ವೇಳೆ ಅದೇ ಆಗಿದ್ದಿದ್ದರೆ?” ಎಂದಳು. ಆಗಿದ್ದರೂ ಆಕಾಶ ಕಳಚಿ ಬೀಳುತ್ತಿರಲಿಲ್ಲ ಎಂದೆ. ತಕ್ಕ ಔಷಧ ದೊರೆತರೆ ಅಪಸ್ಮಾರದ ನೂರು ಮಂದಿಯಲ್ಲಿ ಎಪ್ಪತ್ತರವರೆಗೂ ಮೂರ್ಛೆಯಿಲ್ಲದೆ ಬಾಳಬಲ್ಲರು. 1955ರ ಹಿಂದೂ ವಿವಾಹ ಕಾನೂನಿನಲ್ಲಿ ಮದುವೆಗೆ ಅಡ್ಡಿಯಾಗಿ ಬರೆದಿದ್ದ ಅಪಸ್ಮಾರದ ಹೆಸರನ್ನು 1999ರಲ್ಲಿ ತೆಗೆದುಹಾಕಿದ್ದಾರೆ.

ಅಕ್ಕ ಸುಮ್ಮನೆ ಕೇಳಿದಳು. ಬಳಿಕ ಒಳಗೆ ಹೋಗಿ ರಬ್ಬರು ತಂದು, ವರದಿಯ ಮೇಲಿನ ಪೆನ್ಸಿಲಿನ ಗೆರೆಯನ್ನು ಮೆಲ್ಲಗೆ ಅಳಿಸಿದಳು. ಹುಡುಗಿಯನ್ನು ಕರೆದು, “ನಾಳೆಯಿಂದ ತಿಂಡಿ ತಿನ್ನದೆ ಹೊಸಲು ದಾಟಿದರೆ ನೋಡು” ಎಂದಳು.